ಇಮೇಲ್ (ಪೈಥಾನ್ ಲೈಬ್ರರಿ)

ಇಮೇಲ್ ಎಂಬುದು ಪೈಥಾನ್ ಭಾಷೆಯ ಜೊತೆಗೇ ಬರುವ ತಂತ್ರಾಂಶ ಲೈಬ್ರರಿ. ಮೇಲ್ ಸಂದೇಶವನ್ನು ವಿಷಯಸಾಲು, ಒಡಲು, ಲಗತ್ತು ಎಂದು ಬಿಡಿಸಿಕೊಡುವುದೂ ಹೊಸ ಸಂದೇಶ ಕಟ್ಟುವುದೂ ಇದರ ಕೆಲಸ. ಬ್ಯಾರಿ ವಾರ್ಸಾ ಮೊದಲು ಮೈಮ್‌ಲಿಬ್ ಹೆಸರಿನಲ್ಲಿ ಬರೆದ ಇದು 2001ರ ಡಿಸೆಂಬರ್‌ನಲ್ಲಿ ಪೈಥಾನ್ 2.2ಕ್ಕೆ ಸೇರಿತು.

ಹಿನ್ನೆಲೆ

ಮೇಲ್ ಸಂದೇಶದ ಸ್ವರೂಪವನ್ನು ಗೊತ್ತುಮಾಡಿದ 1982ರ ಆರ್‌ಎಫ್‌ಸಿ 822 ನಿಯಮದಲ್ಲಿ 7 ಬಿಟ್‌ನ ಆಸ್ಕಿ ಅಕ್ಷರಗಳಿಗಷ್ಟೇ ಜಾಗವಿತ್ತು. 1992ರ ಜೂನ್‌ನಲ್ಲಿ ಬೋರೆನ್‌ಸ್ಟೈನ್ ಮತ್ತು ಫ್ರೀಡ್ ರೂಪಿಸಿದ ಮೈಮ್ ಎಂಬ ನಿಯಮ ಒಡಲಿಗೂ, ಕೀತ್ ಮೂರ್ ಬರೆದ ಜೊತೆನಿಯಮ ವಿಷಯಸಾಲಿಗೂ ಇತರ ಲಿಪಿಗಳ ದಾರಿ ತೆರೆದವು.

ಕನ್ನಡದ ವಿಷಯಸಾಲು

ಕೊಪ್ಪ ತಾಲ್ಲೂಕಿನ ‘ಬಸರೀಕಟ್ಟೆ’ ಎಂಬ ಹೆಸರಿನಲ್ಲಿ ಯೂನಿಕೋಡ್ ಲೆಕ್ಕಕ್ಕೆ 9 ಸಂಕೇತಗಳಿವೆ. ಯುಟಿಎಫ್-8ರಲ್ಲಿ ಅವು 27 ಬೈಟ್‌, ಬೈಟ್‌ಗಳನ್ನು ಆಸ್ಕಿ ಅಕ್ಷರಗಳಾಗಿ ಬರೆಯುವ ಬೇಸ್64 ರೂಪದಲ್ಲಿ 36 ಅಕ್ಷರ. ವಿಷಯಸಾಲಿನ ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಗುರುತುಚಿಹ್ನೆಗಳನ್ನು ಕಳೆದರೆ ಒಂದು ತುಂಡಿನಲ್ಲಿ ಹಿಡಿಸುವುದು 15 ಕನ್ನಡ ಸಂಕೇತಗಳು ಮಾತ್ರ. ಹೀಗಾಗಿ ಉದ್ದದ ಸಾಲು ‘ಟ್ಟೆ’ಯ ನಡುವೆಯೇ ತುಂಡಾಗಬಹುದು. ಓದುವ ತಂತ್ರಾಂಶ ಎರಡು ತುಂಡುಗಳ ನಡುವಿನ ಖಾಲಿ ಜಾಗವನ್ನು ನಿಯಮದಂತೆ ತೆಗೆಯದಿದ್ದರೆ ಒತ್ತಕ್ಷರ ಒಡೆಯುತ್ತದೆ.

ಕೆಟ್ಟ ಅಕ್ಷರಗಳ ಗೊಂದಲ

ಕನ್ನಡ ಮೇಲ್‌ಗಳು ಓದಲಾಗದಂತೆ ಕಾಣುವುದಕ್ಕೆಲ್ಲ ಮೇಲ್ ತಂತ್ರಾಂಶವೇ ಕಾರಣವೆಂಬ ಮಾತು ಅರ್ಧ ಸತ್ಯ. ಮೇಲೆ ಹೇಳಿದ ತೊಡಕು ಸಂದೇಶವನ್ನು ಬಿಡಿಸುವ ಹಂತದ್ದು; ಲೈಬ್ರರಿ ಅದನ್ನು ಬಿಡಿಸಬಲ್ಲದು. ಎರಡನೆಯ ತೊಡಕು ಯೂನಿಕೋಡ್ ಬಳಕೆಗೆ ಬರುವ ಮುಂಚಿನದು. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದವುಗಳ ಹಳೆಯ ಫಾಂಟ್‌ಗಳು ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಟ್ಟುಕೊಂಡಿದ್ದವು. ಸರಳ ಪಠ್ಯದ ಮೇಲ್‌ನಲ್ಲಿ ಫಾಂಟ್‌ನ ಹೆಸರು ಹೋಗುವುದಿಲ್ಲ. ಸಂದೇಶ ತನ್ನನ್ನು ಲ್ಯಾಟಿನ್ ಎಂದೇ ಕರೆದುಕೊಂಡಾಗ ಲೈಬ್ರರಿ ಲ್ಯಾಟಿನ್ ಅಕ್ಷರಗಳನ್ನೇ ಕೊಡುತ್ತದೆ. ಅದು ಸರಿಯಾದ ಕೆಲಸವೇ. ಅಲ್ಲಿಂದ ಕನ್ನಡವನ್ನು ಪಡೆಯಲು ಬೇರೆ ಪರಿವರ್ತಕ ಬೇಕು.

ಪೈಥಾನ್ 3ರ ನಂತರ

2008ರ ಪೈಥಾನ್ 3 ಬೈಟ್ ಮತ್ತು ಪಠ್ಯಗಳನ್ನು ಬೇರ್ಪಡಿಸಿದಾಗ, ಸಂದೇಶಗಳನ್ನು ಪಠ್ಯವೆಂದೇ ಓದುತ್ತಿದ್ದ ಲೈಬ್ರರಿ ಇಕ್ಕಟ್ಟಿಗೆ ಸಿಲುಕಿತು. 2011ರ 3.2ರಲ್ಲಿ ಬೈಟ್‌ಗಳಿಂದಲೇ ಸಂದೇಶ ಓದುವ ಸೌಲಭ್ಯ, 2012ರ 3.3ರಲ್ಲಿ ಆರ್. ಡೇವಿಡ್ ಮರ್ರೆ ಅವರ, ಸಂದೇಶವನ್ನು ಯಾವ ರೀತಿಯಲ್ಲಿ ಓದಬೇಕು, ಬರೆಯಬೇಕು ಎಂದು ಸೂಚಿಸುವ ‘ಪಾಲಿಸಿ’ ವ್ಯವಸ್ಥೆ, 2015ರ 3.5ರಲ್ಲಿ ಯುಟಿಎಫ್-8 ಶಿರೋಭಾಗಗಳಿಗೆ ಬೆಂಬಲ ಬಂದವು. ಪಾಲಿಸಿ ಆಧರಿಸಿದ ಈ ಹೊಸ ವ್ಯವಸ್ಥೆ 2016ರ 3.6ರಲ್ಲಿ ಸ್ಥಿರಗೊಂಡಿತು. ಆದರೂ ಹಳೆಯ ಪ್ರೋಗ್ರಾಂಗಳು ಕೆಡದಿರಲೆಂದು, ಪಾಲಿಸಿ ಸೂಚಿಸದಿದ್ದರೆ ಹಳೆಯ ರೀತಿಯೇ ನಡೆಯುತ್ತದೆ. ಆಗ ಕನ್ನಡದ ವಿಷಯಸಾಲು ಬಿಡಿಸದ ಬೇಸ್64 ರೂಪದಲ್ಲೇ ಕೈಗೆ ಬರುತ್ತದೆ.

ಆದ್ದರಿಂದ ಕನ್ನಡ ಮೇಲ್‌ಗಳನ್ನು ಸಂಗ್ರಹಿಸುವವರು ಹೊಸ ಪಾಲಿಸಿಯನ್ನು ಹೆಸರಿಸಿ ಬಳಸಬೇಕು. ಫಾಂಟ್ ಕಾಲದ ಸಂದೇಶಗಳ ಮೂಲ ಬೈಟ್‌ಗಳನ್ನು ಪರಿವರ್ತನೆಯ ನಂತರವೂ ಅಳಿಸಬಾರದು.