ಹಾಡಿಕೊಂಡು ಅಳುವವರು

ನಮ್ಮ ದೊಡ್ಡಬಳ್ಳಾಪುರದ ಸುತ್ತಮುತ್ತ ಕುರುಕ್ಷೇತ್ರ ನಾಟಕ ಆಡದ ಹಳ್ಳಿಯೇ ಇಲ್ಲವೆನ್ನಬೇಕು. ನಾನು ಚಿಕ್ಕವಳಿದ್ದಾಗ, ಅಂದರೆ 1970ರ ದಶಕದ ಕೊನೆಯಲ್ಲಿ, ಸುಗ್ಗಿ ಮುಗಿಯುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಬಂದು ಊರಲ್ಲೇ ಉಳಿದುಕೊಂಡು ನಾಟಕ ಕಲಿಸುತ್ತಿದ್ದರು. ಪಾತ್ರ ಬೇಕಾದವರು ದುಡ್ಡು ಕೊಡಬೇಕು. ಸೈನಿಕನಾಗುವುದು ಅಗ್ಗ, ದುರ್ಯೋಧನನಾಗಬೇಕಾದರೆ ಗಂಟು ದೊಡ್ಡದಿರಬೇಕು. ರೇಷ್ಮೆಗೂಡು ಮಾರಿ ಬಂದ ಹಣವನ್ನೆಲ್ಲ ದುರ್ಯೋಧನನ ಕಿರೀಟಕ್ಕೆ ಸುರಿದು ಹೆಂಡತಿಯಿಂದ ಬೈಸಿಕೊಂಡವರನ್ನು ನಾನು ಬಲ್ಲೆ. ದ್ರೌಪದಿ, ಕುಂತಿಯರಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಿದ್ದರು. ಊರ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಜಾಗವಿಲ್ಲ, ಚಾಪೆಯ ಮೇಲೆ ಉಂಟು.

ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನ ಹಾಡತೊಡಗಿದರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅವನು ಕೆಟ್ಟೋನಲ್ವೇನಮ್ಮ, ಯಾಕಳ್ತೀಯ?" ಎಂದು ಕೇಳಿದ್ದೆ. "ಕೆಟ್ಟೋನಾದ್ರೇನೇ, ಹೆತ್ತೋಳು ಅಂತ ಒಬ್ಳು ಇರ್ತಾಳಲ್ಲ" ಎಂದಿದ್ದಳು.

ಅಮ್ಮನ ಈ ಮಾತಿಗೆ ಎರಡೂವರೆ ಸಾವಿರ ವರ್ಷದ ಹಿಂದಿನ ಸಾಕ್ಷಿಯುಂಟೆಂದು ತಿಳಿದದ್ದು ಬಿ.ಎ. ಓದುವಾಗ, ಬಿ.ಎಂ.ಶ್ರೀಯವರ ಮೂಲಕ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಮೇಷ್ಟ್ರು ಗ್ರೀಕರ ಟ್ರ್ಯಾಜಿಡಿಗೆ ಬಳಸಿದ ಹೆಸರು ರುದ್ರನಾಟಕ. ರನ್ನನ ಕಾವ್ಯವನ್ನು ಹಿಡಿದು 1926ರಲ್ಲಿ 'ಗದಾಯುದ್ಧ ನಾಟಕಂ', ಸೊಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ 1929ರಲ್ಲಿ 'ಅಶ್ವತ್ಥಾಮನ್', ಈಸ್ಕಿಲಸನನ್ನು ಕನ್ನಡಿಸಿ 1935ರಲ್ಲಿ 'ಪಾರಸಿಕರು' ಕೊಟ್ಟರು. ಚಿರಂಜೀವಿಯಾದ ಅಶ್ವತ್ಥಾಮ ಶ್ರೀಯವರ ನಾಟಕದಲ್ಲಿ ತಾನೇ ಪ್ರಾಣ ಕಳೆದುಕೊಳ್ಳುತ್ತಾನೆ. ಮಂಗಳ ಹಾಡಿಯೇ ಪರದೆ ಎಳೆಯುವ ನಾಡಿನಲ್ಲಿ ಅದು ಸಣ್ಣ ಎದೆಗಾರಿಕೆಯಲ್ಲ. ರಂಗದ ಮೇಲೆ ಸಾವು ಬೇಡವೆಂಬುದು ನಮ್ಮ ಶಾಸ್ತ್ರ. ದುರ್ಯೋಧನ ಸಾಯುವ ಭಾಸನ 'ಊರುಭಂಗ'ದಂಥದು ಅಪವಾದ.

ಹಾಗಾದರೆ ಗ್ರೀಕರಿಗೆ ಇದು ಎಲ್ಲಿಂದ ಬಂತು? ಟ್ರ್ಯಾಜಿಡಿ ಎಂಬ ಪದಕ್ಕೆ ಹೋತದ ಹಾಡು ಎಂದರ್ಥ. ಬಹುಮಾನಕ್ಕೆ ಹೋತ ಕೊಡುತ್ತಿದ್ದರು, ಇಲ್ಲವೇ ಬಲಿ ಕೊಡುವಾಗ ಹಾಡುತ್ತಿದ್ದರು ಎಂದು ವಿದ್ವಾಂಸರು ವಾದಿಸುತ್ತಾರೆ. ಊರಮ್ಮನ ಜಾತ್ರೆ ಕಂಡ ನಮಗೆ ಎರಡೂ ವಿಚಿತ್ರವೆನಿಸುವುದಿಲ್ಲ. ದ್ರಾಕ್ಷಾರಸದ ದೇವರು ಡಯೋನೈಸಸ್. ಅವನನ್ನು ಕುರಿತು ಮೇಳದವರು ಸುತ್ತುಗಟ್ಟಿ ಕುಣಿದು ಹಾಡುತ್ತಿದ್ದರು. ಕ್ರಿ.ಪೂ. 534ರ ಸುಮಾರಿಗೆ ಥೆಸ್ಪಿಸ್ ಎಂಬವನು ಮೇಳದಿಂದ ಬೇರೆಯಾಗಿ ನಿಂತು ಅದಕ್ಕೆ ಎದುರು ಮಾತಾಡಿದನಂತೆ. ಅವನೇ ಮೊದಲ ನಟ. ಎರಡನೆಯ ನಟನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೊಫೋಕ್ಲಿಸ್, ಅಲ್ಲಿಗೆ ನಿಂತಿತು. ಎಷ್ಟೇ ಪಾತ್ರಗಳಿರಲಿ, ಮೂವರೇ ಮುಖವಾಡ ಬದಲಿಸಿ ನಿಭಾಯಿಸಬೇಕು. ಜೊತೆಗೆ ಹನ್ನೆರಡು, ಆಮೇಲೆ ಹದಿನೈದು ಜನರ ಮೇಳ. ಎಲ್ಲರೂ ಗಂಡಸರೇ.

ಅಥೆನ್ಸ್ ನಗರದಲ್ಲಿ ವಸಂತಕಾಲದ ಹಬ್ಬಕ್ಕೆ ಮೂವರು ಕವಿಗಳ ನಡುವೆ ಪಂದ್ಯ. ಒಬ್ಬೊಬ್ಬರದೂ ಮೂರು ರುದ್ರನಾಟಕ, ಕೊನೆಗೊಂದು ನಗೆಯಾಟ. ಗುಡ್ಡದ ಇಳಿಜಾರಿನಲ್ಲಿ ಮರದ ಹಲಗೆಗಳ ಮೇಲೆ ಜನ. ಚಿತ್ರಗಳಲ್ಲಿ ಕಾಣುವ ಕಲ್ಲಿನ ಮೆಟ್ಟಿಲು ನಂತರದ ಕಾಲದ್ದು. ಮೇಳದ ತರಬೇತಿ, ಉಡುಗೆತೊಡುಗೆಯ ಖರ್ಚು ಊರಿನ ಸಿರಿವಂತನೊಬ್ಬನ ತಲೆಗೆ. ನಮ್ಮ ದುರ್ಯೋಧನರ ಅಣ್ಣತಮ್ಮಂದಿರು ಅವರು, ಪಾತ್ರ ಮಾತ್ರ ಸಿಗುತ್ತಿರಲಿಲ್ಲ.

ಕ್ರಿ.ಪೂ. 494ರಲ್ಲಿ ಅಥೆನ್ಸಿನವರಿಗೆ ನಂಟುಳ್ಳ ಮಿಲೇಟಸ್ ಪಟ್ಟಣ ಪರ್ಶಿಯನ್ನರ ಕೈಗೆ ಬಿತ್ತು. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದ. ನೋಡಲು ಬಂದವರೆಲ್ಲ ಗೊಳೋ ಎಂದು ಅತ್ತರು. ಅತ್ತಾದ ಮೇಲೆ, ನಮ್ಮ ದುಃಖ ನೆನಪಿಸಿದೆ ಎಂದು ಕವಿಗೆ ಸಾವಿರ ದ್ರಾಕ್ಮ ದಂಡ ಹಾಕಿ, ಆ ನಾಟಕ ಇನ್ನು ಯಾರೂ ಆಡಕೂಡದೆಂದರು. ಹೆರೊಡೋಟಸ್ ಬರೆದಿಟ್ಟಿರುವ ಸಂಗತಿ ಇದು.

ಆಮೇಲೆ ಈಸ್ಕಿಲಸ್ 'ಪಾರಸಿಕರು' ಬರೆದ. ಸಲಾಮಿಸ್ಸಿನ ಕಡಲಯುದ್ಧದಲ್ಲಿ ಪರ್ಶಿಯನ್ನರು ಸೋತದ್ದು 480ರಲ್ಲಿ, ನಾಟಕ ಆಡಿದ್ದು 472ರಲ್ಲಿ. ಅದರ ಖರ್ಚು ಹೊತ್ತವನು, ಮುಂದೆ ಅಥೆನ್ಸಿನ ಮುಂದಾಳಾದ ಪೆರಿಕ್ಲಿಸ್, ಆಗಿನ್ನೂ ತರುಣ. ಇಂದು ನಮಗೆ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಗೆದ್ದವರ ಊರಲ್ಲಿ ಗೆಲುವಿನ ಮೆರವಣಿಗೆ ತೋರಿಸಬಹುದಿತ್ತು. ಈಸ್ಕಿಲಸ್ ತೋರಿಸಿದ್ದು ಶತ್ರುವಿನ ಅರಮನೆ, ಅಲ್ಲಿ ಸುದ್ದಿಗಾಗಿ ಕಾಯುವ ದೊರೆಯ ತಾಯಿ. ದೂತ ಬಂದು ಸತ್ತವರ ಹೆಸರು ಒಂದೊಂದಾಗಿ ಹೇಳುತ್ತಾನೆ, ಅವಳು ಕೇಳುತ್ತಾಳೆ. ಇದನ್ನು ಬರೆದವನು ಮ್ಯಾರಥಾನಿನಲ್ಲಿ ಅದೇ ಪರ್ಶಿಯನ್ನರ ಮೇಲೆ ಹೋರಾಡಿದವನು. ಅವನ ಅಣ್ಣನೋ ತಮ್ಮನೋ, ಸಿನೆಗೀರಸ್ ಎಂಬವನು, ಅಲ್ಲಿಯೇ ಶತ್ರುಗಳ ಹಡಗು ಹಿಡಿಯಹೋಗಿ ಕೈ ಕತ್ತರಿಸಿಕೊಂಡು ಸತ್ತಿದ್ದ. ಒಡಹುಟ್ಟಿದವನನ್ನು ಕೊಂದವರ ತಾಯಿಯ ಸಂಕಟವನ್ನು ಹೀಗೆ ಬರೆಯಲು ಅವನಿಗೆ ಹೇಗೆ ಕೈಬಂತೋ!

ರುದ್ರನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಕಣ್ಣೆದುರು ನಡೆಯುವುದಿಲ್ಲ. ಎಲ್ಲೋ ಒಳಗೆ, ಎಲ್ಲೋ ದೂರದಲ್ಲಿ ನಡೆಯುತ್ತದೆ; ಒಬ್ಬ ಬಂದು ಹೇಳುತ್ತಾನೆ. 'ಏಜಾಕ್ಸ್' ಹೊರತಾದ ಒಂದು ನಾಟಕ. ಕಾಲೇಜಿನಲ್ಲಿ ಇದನ್ನು ಒಂದು ನಿಯಮವೆಂದು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೆ. ಅರ್ಥವಾದದ್ದು 2004ರ ಮಾರ್ಚಿನಲ್ಲಿ.

ಆ ತಿಂಗಳು ನನ್ನ ತಮ್ಮ ಕಾಮಾಲೆಯಿಂದ ತೀರಿಕೊಂಡ. ಮೂವತ್ತೊಂದು ವರ್ಷ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಬೀದಿಯ ತಿರುವಿನವರೆಗೆ ಹೋದೆವು; ಅಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. ತಮಟೆಯ ಸದ್ದು ದೂರವಾಗುತ್ತ ಹೋಯಿತು. ಮನೆಯಲ್ಲಿ ಅವನನ್ನು ಮಲಗಿಸಿದ್ದ ಜಾಗ ಸಾರಿಸಿ ದೀಪ ಹಚ್ಚಿಟ್ಟೆವು. ಗಂಡಸರು ಮಿಂದು ಬಂದು ದೀಪ ನೋಡಿದರು. ಚಿಕ್ಕಪ್ಪ ಕಂಬಕ್ಕೊರಗಿ ಕೂತರು. ಅಮ್ಮ ಕೇಳಿದಳು: "ಮೊಕ ಮುಚ್ಚೋಕೆ ಮುಂಚೆ ಯಾರ್‍ಯಾರು ನೋಡಿದ್ರಪ್ಪ? ಬಿಸಿಲಿತ್ತಾ?" "ಹೂಂ ಅತ್ಗೆ, ಬಲು ಬಿಸಿಲು" ಎಂದರು ಚಿಕ್ಕಪ್ಪ. ಅಮ್ಮ ಒಂದೊಂದಾಗಿ ಕೇಳುತ್ತ ಹೋದಳು, ಅವರು ಒಂದೊಂದಾಗಿ ಹೇಳುತ್ತ ಹೋದರು. ನನಗೆ ಪಾರಸಿಕರ ರಾಣಿ ನೆನಪಾದಳು. ಅಂಥ ಹೊತ್ತಲ್ಲಿ ಪಠ್ಯಪುಸ್ತಕ ನೆನಪಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಆ ಮೇಲೆಯೇ ಗ್ರೀಕರ ಚರಿತ್ರೆಯನ್ನು ಮತ್ತೆ ಓದಿದ್ದು. ಕ್ರಿ.ಪೂ. ಆರನೆಯ ಶತಮಾನದ ಆರಂಭದಲ್ಲಿ ಅಥೆನ್ಸಿಗೆ ಕಾನೂನು ಮಾಡಿದ ಸೊಲೊನ್ ಹೆಂಗಸರ ಅಳುವಿಗೂ ಕಟ್ಟಳೆ ಹಾಕಿದ್ದನಂತೆ. ಮೈ ಪರಚಿಕೊಳ್ಳಕೂಡದು, ಕಟ್ಟಿದ ಹಾಡು ಹಾಡಿಕೊಂಡು ಅಳಕೂಡದು, ಬೇರೆಯವರ ಸಾವಿಗೆ ಹೋಗಿ ರೋದಿಸಕೂಡದು. ಶವದ ಹಿಂದೆ ಹತ್ತಿರದ ನೆಂಟರಲ್ಲದೆ ಅರವತ್ತರೊಳಗಿನ ಹೆಂಗಸರು ಹೋಗಕೂಡದು. ಹೋಗುವವರು ಗಂಡಸರ ಹಿಂದೆ ನಡೆಯಬೇಕು. ನಮ್ಮ ಅಜ್ಜಿಯ ಕಾಲದವರು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಿದ್ದರಲ್ಲ, ಅಂಥದೇ ಅಳು ಅದು. ಬೀದಿಯಲ್ಲಿ ಬಾಯಿ ಕಟ್ಟಿಸಿಕೊಂಡ ಆ ಹಾಡು ಎಲ್ಲಿಗೆ ಹೋಯಿತು? ರಂಗಕ್ಕೆ ಬಂತೆಂದೇ ನನ್ನ ಎಣಿಕೆ. ಹೆಣ್ಣಿನ ಮುಖವಾಡ ತೊಟ್ಟ ಗಂಡಸರು ಊರೆಲ್ಲ ಕೇಳುವಂತೆ ಹಾಡಿಕೊಂಡು ಅತ್ತರು. ಅದನ್ನು ನೋಡಲು ಹೆಂಗಸರಿಗೆ ಪ್ರವೇಶವಿತ್ತೇ ಎಂಬುದನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಕೊನೆಗೆ ನಮಗೆ ಚಾಪೆಯಾದರೂ ಇತ್ತು.

ಸೊಫೋಕ್ಲಿಸನ ಅಂತಿಗೊನೆಯನ್ನು ಬೀದಿಯ ತಿರುವಿನಲ್ಲಿ ಯಾರೂ ತಡೆಯಲಾಗಲಿಲ್ಲ. ಅವಳ ಅಣ್ಣನ ಹೆಣವನ್ನು ಮಣ್ಣು ಮಾಡಕೂಡದೆಂದು ದೊರೆಯ ಆಜ್ಞೆ. ಅವಳು ಹೋಗಿ ಒಣಮಣ್ಣು ಉದುರಿಸಿ ಬರುತ್ತಾಳೆ. ಕಾವಲಿನವರು ಕೊಡವಿ ಹಾಕಿದರೆ ಮತ್ತೆ ಹೋಗುತ್ತಾಳೆ, ಸಿಕ್ಕಿಬೀಳುತ್ತಾಳೆ. ಆ ಹಿಡಿ ಮಣ್ಣನ್ನೂ ನಾವು ಕಣ್ಣಾರೆ ಕಾಣುವುದಿಲ್ಲ, ಕಾವಲುಗಾರನೊಬ್ಬ ಬಂದು ಹೇಳುತ್ತಾನೆ. ಈಡಿಪಸ್, ಅಂತಿಗೊನೆ ಎರಡನ್ನೂ ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ, ಈಡಿಪಸ್ಸನ್ನು ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲುರಂಗದಲ್ಲಿ ಆಡಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಅಂತಿಗೊನೆಯ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಅವಳ ಜೊತೆಗೆ ಅವಳ ಅಮ್ಮ ಹೋಗ್ಲಿಲ್ವಾ?" ಎಂದಳು. ಅಮ್ಮ ಮೊದಲೇ ಸತ್ತಿದ್ದಳಮ್ಮ ಎಂದೆ.

ನನ್ನ ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಚಿಕ್ಕಪ್ಪ ಬಂದಾಗಲೆಲ್ಲ ಆ ದಿನದ ಮಾತು ಎತ್ತುತ್ತಾಳೆ, ಅವರೂ ಬೇಸರವಿಲ್ಲದೆ ಹೇಳುತ್ತಾರೆ. ಹೋದ ಯುಗಾದಿಗೆ ಬಂದಿದ್ದಾಗ ಕಾಫಿ ಲೋಟ ಕೆಳಗಿಟ್ಟು, "ಮಣ್ಣು ಹಾಕೋ ಹೊತ್ಗೆ ಸರಿಯಾಗಿ ಮೋಡ ಮುಚ್ಕೊಂಡು ತಂಪಾಗಿತ್ತು ಅತ್ಗೆ" ಎಂದರು. ಅಮ್ಮ "ಹೌದಾ" ಎಂದಳು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.