ನುಂಗಿದರೆ ಮಾತ್ರ ಮಾತ್ರೆ

ಬಸ್ ಸ್ಟ್ಯಾಂಡಿನ ಗೋಡೆ ಮೇಲೆ "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅನ್ನೋ ಜಾಹೀರಾತು ನೀವೂ ನೋಡಿರ್ತೀರಿ. ಅದನ್ನ ಕಂಡಾಗಲೆಲ್ಲ ನನಗೆ ಕೋಪನ್‌ಹೇಗನ್ನಿನ ಇಬ್ಬರು ನೆನಪಾಗ್ತಾರೆ. ಎತ್ತಣ ಸಂಬಂಧ ಅಂತೀರಾ? ಹೇಳ್ತೀನಿ...

1940ರ ದಶಕದಲ್ಲಿ ಎರಿಕ್ ಯಾಕೋಬ್ಸನ್ ಮತ್ತು ಯೆನ್ಸ್ ಹಾಲ್ಡ್ ಹೊಟ್ಟೆಹುಳಕ್ಕೆ ಔಷಧಿ ಹುಡುಕುತ್ತಿದ್ದರು. ಡೈಸಲ್ಫಿರಾಮ್ ಅನ್ನೋ ರಾಸಾಯನಿಕವನ್ನು ತಾವೇ ನುಂಗಿ ನೋಡಿದರು. (ನಾವು ಪ್ರೊಡಕ್ಷನ್ನಿನಲ್ಲೇ ಟೆಸ್ಟ್ ಮಾಡಿದ ಹಾಗೆ!) ಆಮೇಲೆ ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪೇರಿ, ಎದೆ ಹೊಡೆದುಕೊಳ್ಳತೊಡಗಿತು. ಮದ್ಯ ದೇಹದೊಳಗೆ ಅಸಿಟಾಲ್ಡಿಹೈಡ್ ಆಗುತ್ತದೆ; ಅದನ್ನು ಕರಗಿಸುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ವಿಷ ಒಳಗೇ ಉಳಿಯುತ್ತದೆ. 1948ರಲ್ಲಿ ಇದು ಕುಡಿತದ ಚಿಕಿತ್ಸೆಗೆ ಬಂತು, 'ಆಂಟಾಬ್ಯೂಸ್' ಹೆಸರಲ್ಲಿ.

ಮೊದಮೊದಲು ಡೋಸ್ ವಿಪರೀತ. ಕೆಲವರು ಸತ್ತರು, ಕೆಲವರಿಗೆ ಬುದ್ಧಿಭ್ರಮಣೆಯಾಯಿತು. ಡೋಸ್ ಇಳಿಸಿದರು. ಸೈಕೋಸಿಸ್ ಇರುವವರಿಗೆ ಕೊಡಬಾರದು ಅನ್ನೋ ಎಚ್ಚರಿಕೆಯೂ ಸೇರಿತು. ಅಂದರೆ ಕುಡಿತ, ಮನೋರೋಗ ಎರಡೂ ಇರುವ ಎಷ್ಟೋ ಜನಕ್ಕೆ ಈ ದಾರಿಯೇ ಮುಚ್ಚಿತು.

ಉಳಿದವರಾದರೂ ನುಂಗಿದರಾ? 1986ರಲ್ಲಿ ಅಮೆರಿಕದ ಮಾಜಿ ಸೈನಿಕರ 9 ಆಸ್ಪತ್ರೆಗಳ 605 ಗಂಡಸರ ಮೇಲಿನ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ 250 ಮಿಲಿಗ್ರಾಂ, ಇನ್ನೊಂದಕ್ಕೆ ಹೆಸರಿಗೆ 1 ಮಿಲಿಗ್ರಾಂ, ಮೂರನೆಯದಕ್ಕೆ ಬರೀ ವಿಟಮಿನ್. ಎಲ್ಲದರಲ್ಲೂ ರೈಬೋಫ್ಲೇವಿನ್ ಇತ್ತು. ಮೂತ್ರ ನೋಡಿದರೆ ನುಂಗಿದ್ದು ನಿಜವಾ ಅಂತ ಗೊತ್ತಾಗಲಿ ಅಂತ. ಸರಿಯಾಗಿ ನುಂಗಿದವರು ಕೇವಲ 20%! ಪೂರ್ತಿ ಕುಡಿತ ಬಿಡೋದರಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ನೇಮವಾಗಿ ನುಂಗಿದವರು, ಬರೀ ವಿಟಮಿನ್ ಆದರೂ ಸರಿ, ಹೆಚ್ಚು ಮಂದಿ ಕುಡಿತದಿಂದ ದೂರ ಉಳಿದಿದ್ದರು. ಬಿಡಬೇಕು ಅನ್ನೋ ಮನಸ್ಸಿದ್ದವನೇ ಮಾತ್ರೆಯನ್ನೂ ನುಂಗುತ್ತಾನೆ ಅಂತ ನನ್ನ ಅನಿಸಿಕೆ.

2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಂಬೈನ ವೈದ್ಯರು 100 ಜನರನ್ನು ಒಂದು ವರ್ಷ ನೋಡಿದ್ದರು. ಮಾತ್ರೆ ತಪ್ಪದ ಹಾಗೆ ಮನೆಯವರೊಬ್ಬರ ನಿಗಾ. ಡೈಸಲ್ಫಿರಾಮ್ ತಗೊಂಡವರಲ್ಲಿ 86% ಕುಡಿಯಲಿಲ್ಲ. ನಾಲ್‌ಟ್ರೆಕ್ಸೋನ್ ತಗೊಂಡವರಲ್ಲಿ 44%. ನೆನಪಿಡಿ, ಅಲ್ಲಿ ನುಂಗುವವನಿಗೆ ತಾನು ಏನು ನುಂಗ್ತಿದ್ದೀನಿ ಅಂತ ಗೊತ್ತಿತ್ತು.

ನಮ್ಮ ಮಾವನಿಗೆ ಗೊತ್ತಿರಲಿಲ್ಲ. ಯಾರೋ ಕೊಟ್ಟ ಪುಡಿಯನ್ನ ಅತ್ತೆ ಸಾರಿಗೆ ಬೆರೆಸ್ತಿದ್ದರು. ಅದರಲ್ಲೇನಿತ್ತೋ, ಒಂದು ರಾತ್ರಿ ಕುಡಿದು ಬಂದವರು ಬಿಪಿ ಇಳಿದು ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಉಳಿದರು. ಆದರೆ ಮನೋವೈದ್ಯರು ಬರೆದುಕೊಟ್ಟಿದ್ದ, ವರ್ಷಗಳಿಂದ ತಗೋತಿದ್ದ ಮಾತ್ರೆಗಳನ್ನೂ ಆಮೇಲೆ ಮುಟ್ಟಲಿಲ್ಲ. ಅತ್ತೆ ಕಾಫಿ ಕೊಟ್ಟರೂ ಮೂಸಿ ನೋಡಿಯೇ ಕುಡೀತಿದ್ದರು.