ಮುಖವರ್ಣಿಕೆಯೂ ಶಾಸನವೂ

ಕರಾವಳಿಯ ಯಕ್ಷಗಾನ ಮೇಳಗಳ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ದೀಪದ ಮುಂದೆ ಕನ್ನಡಿ ಹಿಡಿದು ಕುಳಿತ ಬಣ್ಣದ ವೇಷದವನು, ತೆಂಗಿನೆಣ್ಣೆಯಲ್ಲಿ ಕಲಸಿದ ಅರದಾಳವನ್ನೂ ಇಂಗಳೀಕವನ್ನೂ ಮುಖಕ್ಕೆ ಬಳಿದು, ಕಾಡಿಗೆಯಿಂದ ಕಣ್ಣು ಹುಬ್ಬುಗಳನ್ನು ತಿದ್ದಿ, ಅಕ್ಕಿಹಿಟ್ಟು ಸುಣ್ಣಗಳ ಉಬ್ಬುಚುಕ್ಕೆಗಳಾದ ಚಿಟ್ಟೆಯಿಟ್ಟು ರಾಕ್ಷಸನಾಗುತ್ತಿದ್ದ ಕಾಲದಲ್ಲಿ, ಅರದಾಳದ ಹಳದಿಯು ಆರ್ಸೆನಿಕ್ಕಿನ ಸಂಯುಕ್ತವೆಂದಾಗಲಿ, ಇಂಗಳೀಕದ ಕೆಂಪು ಪಾದರಸದ ಸಂಯುಕ್ತವೆಂದಾಗಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬೆಳಗಿನವರೆಗೂ ಬೆವರಿನೊಡನೆ ಬೆರೆತು ಚರ್ಮಕ್ಕಂಟಿರುತ್ತಿದ್ದ ಇವೇ ದ್ರವ್ಯಗಳು ಗ್ರಂಧಿಗೆ ಅಂಗಡಿಯಲ್ಲಿ ವೈದ್ಯರಿಗೂ ದೊರೆಯುತ್ತಿದ್ದವು. ಆದರೆ ಆಯುರ್ವೇದದ ರಸಶಾಸ್ತ್ರವು ಅವುಗಳನ್ನು ಶೋಧನಸಂಸ್ಕಾರವಿಲ್ಲದೆ ರೋಗಿಯ ಹೊಟ್ಟೆಗೆ ಇಳಿಯಗೊಡುತ್ತಿರಲಿಲ್ಲ. ವೇಷಧಾರಿಯ ಕೆನ್ನೆಗೆ ಅಂಥ ಸಂಸ್ಕಾರವನ್ನು ವಿಧಿಸಿದವರುಂಟೇ?

ಆಧುನಿಕ ಶಾಸನವೂ ಬಹುಕಾಲ ಇದೇ ಜಾಡಿನಲ್ಲಿ ನಡೆಯಿತು. ಔಷಧಗಳ ಕುರಿತು ನೇಮಕವಾಗಿದ್ದ ಚೋಪ್ರಾ ಸಮಿತಿಯ ವಿಚಾರಣೆಯ ಫಲವಾಗಿ 1940ರಲ್ಲಿ ಬಂದ ಔಷಧ ಕಾಯಿದೆ ಮಾತ್ರೆ ಕಷಾಯಗಳನ್ನು ಕಂಡಿತು, ಮುಖವನ್ನು ಕಾಣಲಿಲ್ಲ. 1962ರ ತಿದ್ದುಪಡಿಯಿಂದ ಪ್ರಸಾಧನಗಳೂ ಅದರ ವ್ಯಾಪ್ತಿಗೆ ಸೇರಿದವು. ದೇಹಕ್ಕೆ ಸವರುವ, ಸಿಂಪಡಿಸುವ, ರೂಪವನ್ನು ಮಾರ್ಪಡಿಸುವ ವಸ್ತುಗಳೆಲ್ಲವೂ ಪ್ರಸಾಧನವೆಂದಾಯಿತು, ಸಾಬೂನೊಂದನ್ನುಳಿದು. (ಸಾಬೂನಿಗೆ ಈ ವಿನಾಯಿತಿ ಇನ್ನೂ ಎರಡು ದಶಕ ನಡೆದು 1982ರ ತಿದ್ದುಪಡಿಯಲ್ಲಿ ಕೊನೆಗೊಂಡಿತು.) ಬಣ್ಣಕ್ಕಾಗಿ ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸಲಾಗದೆಂಬುದೂ, ಭಾರತೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿರುವ ವರ್ಣಗಳೇ ಸಲ್ಲತಕ್ಕವೆಂಬುದೂ, ಅನುಮತಿಯುಳ್ಳ ಕೃತಕ ವರ್ಣದಲ್ಲಿಯೂ ಹತ್ತು ಲಕ್ಷ ಭಾಗಕ್ಕೆ ಸೀಸ 20, ಆರ್ಸೆನಿಕ್ 2 ಭಾಗಗಳನ್ನು ಮೀರಬಾರದೆಂಬುದೂ ನಿಯಮಗಳಾದವು. ಪಾದರಸಕ್ಕೂ ನಿರ್ಬಂಧ ಬಂತು. ಕಾಗೆಬಂಗಾರದ (ಅಭ್ರಕದ) ಹೊಳಪೂ ಈ ನಿಯಮಗಳಿಗೆ ಹೊರತಲ್ಲ.

ಕುಂಕುಮದ ಕಥೆ ಬೇರೆ. ಅರಿಸಿನದ ಕೊಂಬನ್ನು ನಿಂಬೆರಸ, ಬಿಳಿಗಾರ, ಪಟಿಕಗಳಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಮನೆಯಲ್ಲಿ ಮಾಡಿದ ಕುಂಕುಮಕ್ಕೆ ಯಾವ ಪರವಾನಗಿಯೂ ಬೇಡ, ಏಕೆಂದರೆ ಶಾಸನ ಹಿಡಿಯುವುದು ಮಾರಾಟಕ್ಕಾಗಿ ತಯಾರಾದದ್ದನ್ನು. ಆದರೆ ಈ ಶ್ರಮಸಾಧ್ಯ ಕೆಂಪಿನ ಸ್ಥಾನವನ್ನು ಪೇಟೆಯಲ್ಲಿ ಬಟ್ಟೆಗೆ ಹಾಕುವ ಅಗ್ಗದ ಬಣ್ಣವು ಆಕ್ರಮಿಸಿಕೊಂಡ ಮೇಲೆ, ಹಣೆ ತುರಿಸಿ ಕಪ್ಪುಗಟ್ಟಿದ ಹೆಂಗಸರು ಚರ್ಮವೈದ್ಯರ ಬಳಿಗೆ ಹೋಗಬೇಕಾಯಿತು. ಕುಂಕುಮದ ಪುಡಿಗೂ ಕಾಡಿಗೆಗೂ ಪ್ರತ್ಯೇಕ ಮಾನಕಗಳು ರಚಿತವಾದವು. 2020ರಲ್ಲಿ ಪ್ರಸಾಧನಗಳಿಗೆಂದೇ ಸ್ವತಂತ್ರ ನಿಯಮಾವಳಿ ಬಂದರೂ, ತಯಾರಕನ ಹೆಸರು, ವಿಳಾಸ, ಪರವಾನಗಿ ಸಂಖ್ಯೆಗಳನ್ನು ಡಬ್ಬಿಯ ಮೇಲೆ ನಮೂದಿಸಬೇಕೆಂಬ ವಿಧಿಯು, ದೇವಸ್ಥಾನದ ಬೀದಿಯಲ್ಲಿ ತಟ್ಟೆಯ ಮೇಲೆ ಗೋಪುರವಾಗಿ ಒಟ್ಟಿ, ತೂಗಿ, ಕಾಗದದಲ್ಲಿ ಪೊಟ್ಟಣ ಕಟ್ಟಿಕೊಡುವ ಕುಂಕುಮದವರೆಗೆ ಸುಲಭವಾಗಿ ಮುಟ್ಟಲಾರದು.